ಗಾರ್ಡನ್ ರೈಲಿಗೆ ಸ್ಟೀಮ್ ಇಂಜಿನ್ನಾ, ಕರೆಂಟ್ ಇಂಜಿನ್ನಾ? ಪದೇ ಪದೇ ಕೇಳೋ ಪ್ರಶ್ನೆಗಳು

ನಾನಿರೋದು ಇಂಗ್ಲೆಂಡಿನ ಡರ್ಬಿ ಹತ್ರ, ಹುಟ್ಟಿದ್ದು ಅರಸೀಕೆರೆ. ಹಿತ್ತಲಲ್ಲಿ ಸುಮಾರು 30 ಮೀಟರ್ ಸುತ್ತಳತೆಯ ಒಂದು ಪುಟ್ಟ ರೈಲು ಹಳಿ ಹಾಕ್ಕೊಂಡಿದೀನಿ, ಅದರ ವಿಡಿಯೋ ನಮ್ಮ ಮನೆ ಗ್ರೂಪಲ್ಲಿ ಹಾಕಿದಾಗ್ಲೆಲ್ಲ ಚಿಕ್ಕಪ್ಪಂದಿರು, ಕಸಿನ್‌ಗಳು, ಅವರ ಫ್ರೆಂಡ್‌ಗಳು ಎಲ್ಲ ಅದೇ ಅದೇ ಪ್ರಶ್ನೆ ಕೇಳ್ತಾರೆ. ಪ್ರತಿ ಸಲ ಬೆರಳು ಸವೆಸೋದ್ಯಾಕೆ ಅಂತ ಒಂದೇ ಕಡೆ ಬರೆದಿಟ್ಟಿದೀನಿ.

ಇದು ಮಕ್ಕಳ ಆಟದ ರೈಲೇ ತಾನೆ? ಸೈಜ್ ಎಷ್ಟು?

ಆಟದ ರೈಲಿನ ದೊಡ್ಡಣ್ಣ ಅನ್ಕೊಳ್ಳಿ. ಇದರ ಮೇಲೆ ಕೂತ್ಕೊಂಡು ಹೋಗೋಕಾಗಲ್ಲ, ಆದ್ರೆ ಮಳೆ ಬಿಸಿಲು ತಡ್ಕೊಂಡು ಮಣ್ಣಲ್ಲೇ ವರ್ಷಗಟ್ಲೆ ಬಿದ್ದಿರೋ ಥರ ಮಾಡಿರ್ತಾರೆ. ಹಳಿ ಅಗಲ ಮುಖ್ಯವಾಗಿ ಎರಡು, 45 ಮಿಮೀ ಮತ್ತೆ 32 ಮಿಮೀ. ಜರ್ಮನಿಯ ನ್ಯೂರೆಂಬರ್ಗ್‌ನ ಲೇಮನ್ ಕಂಪನಿ 1968ರಲ್ಲಿ ಎಲ್‌ಜಿಬಿ ಅನ್ನೋ ಹೆಸರಲ್ಲಿ 45 ಮಿಮೀ ಕರೆಂಟ್ ರೈಲು ತಂದ ಮೇಲೆ ಈ ಹುಚ್ಚು ಮನೆಮನೆಗೆ ಹಬ್ಬಿದ್ದು. ಅವರ ಮೊದಲ ಇಂಜಿನ್ 'ಸ್ಟೈನ್ಸ್', ನಾಲ್ಕೇ ಗಾಲಿಯ ಪುಟ್ಟ ಆಸ್ಟ್ರಿಯನ್ ಇಂಜಿನ್ನಿನ ಮಾಡೆಲ್ಲು, ಹಳೇದು ಈಗಲೂ ಸೆಕೆಂಡ್ ಹ್ಯಾಂಡ್ ಮಾರ್ಕೆಟ್‌ನಲ್ಲಿ ಸಿಗತ್ತೆ. 32 ಮಿಮೀ ಇಲ್ಲಿ ಇಂಗ್ಲೆಂಡಿನವರ ಪ್ರೀತಿ, 2 ಅಡಿ ಗೇಜಿನ ಚಿಕ್ಕ ರೈಲುಗಳನ್ನ ಒಂದು ಅಡಿಗೆ 16 ಮಿಮೀ ಲೆಕ್ಕದಲ್ಲಿ ಮಾಡ್ತಾರೆ.

ಲೈವ್ ಸ್ಟೀಮ್ ಅಂದ್ರೆ ನಿಜವಾಗ್ಲೂ ಒಳಗೆ ನೀರು ಕುದಿಯತ್ತಾ? ಹೊಗೆ ಬರೋ ಥರ ಸೆಟಪ್ ಅಲ್ವಾ?

ನಿಜವಾಗ್ಲೂ ಕುದಿಯತ್ತೆ ಮಾರಾಯ್ರೆ. ತಾಮ್ರದ ಬಾಯ್ಲರ್, ಕೆಳಗೆ ಬೆಂಕಿ, ಮೇಲೆ ಸೇಫ್ಟಿ ವಾಲ್ವ್, ಎರಡು ಸಿಲಿಂಡರ್, ಪಿಸ್ಟನ್, ಎಲ್ಲ ಇದೆ. ಸಾಮಾನ್ಯವಾಗಿ 40 ಪಿಎಸ್ಐ ಒತ್ತಡದಲ್ಲಿ ಓಡತ್ತೆ, ನಿಮ್ಮ ಕಾರ್ ಟೈರಲ್ಲಿರೋದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ, ಆದ್ರೆ ಆ ಒತ್ತಡದಲ್ಲಿ ನೀರಿನ ಬಿಸಿ 140 ಡಿಗ್ರಿ ಆಸುಪಾಸು ಇರತ್ತೆ, ಅದನ್ನ ಮರೀಬಾರ್ದು. ಹೊಗೆ ಬರೋ ಸೆಟಪ್ ಇರೋದು ಕರೆಂಟ್ ಇಂಜಿನ್‌ನಲ್ಲಿ, ಒಂದು ಪುಟ್ಟ ಹೀಟರ್ ಮೇಲೆ ನಾಲ್ಕು ಹನಿ ಎಣ್ಣೆ ಬಿಟ್ರೆ ಚಿಮಣಿಯಿಂದ ಊದುಬತ್ತಿ ಥರ ಹೊಗೆ ಬರತ್ತೆ.

ನನಗೆ ಇದರಲ್ಲಿ ತುಂಬ ಇಷ್ಟ ಆಗೋ ಭಾಗ ಲೂಬ್ರಿಕೇಟರ್. ಒಂದು ಹುಣಿಸೆ ಬೀಜದಷ್ಟು ದೊಡ್ಡ ಡಬ್ಬಿ, ಅದರ ತುಂಬ ದಪ್ಪ ಸ್ಟೀಮ್ ಎಣ್ಣೆ ತುಂಬಿರ್ತೀವಿ, ಪಕ್ಕದ ಪೈಪಲ್ಲಿ ಹೋಗೋ ಉಗಿ ಒಂಚೂರು ಒಳಗೆ ನುಗ್ಗಿ ತಣ್ಣಗಾಗಿ ನೀರಾಗತ್ತೆ, ನೀರು ಎಣ್ಣೆಗಿಂತ ಭಾರ ಅಲ್ವಾ, ತಳಕ್ಕೆ ಇಳಿಯತ್ತೆ, ಇಳಿದಷ್ಟು ಎಣ್ಣೆ ಮೇಲಿಂದ ಉಕ್ಕಿ ಉಗಿ ಜೊತೆ ಸಿಲಿಂಡರಿಗೆ ಹೋಗತ್ತೆ. ಪಂಪಿಲ್ಲ ಏನಿಲ್ಲ. ದೊಡ್ಡ ಇಂಜಿನ್‌ಗಳಲ್ಲೂ ಇದೇ ತತ್ವ ಇತ್ತು, ನಮ್ಮಜ್ಜ ಅರಸೀಕೆರೇಲಿ ಫೈರ್‌ಮನ್ ಆಗಿದ್ರು, ಅವರಿಗೆ ವಿಡಿಯೋ ಕಾಲಲ್ಲಿ ಇದನ್ನ ತೋರಿಸಿದ್ರೆ "ಎಣ್ಣೆ ಹಾಕ್ದೆ ಹತ್ತಿಸಿದ್ಯೋ, ಕೆಟ್ಟೆ" ಅಂದಿದ್ರು, ಮೊದಲನೇ ಮಾತೇ ಅದು.

ಅಣ್ಣಾ, ಸುತ್ತಿ ಬಳಸಿ ಬೇಡ. ಒಂದೇ ಮಾತಲ್ಲಿ ಹೇಳು, ಯಾವುದು ತಗೊಳ್ಳಿ?

ನಿಂಗೆ ಇಂಜಿನ್ ಓಡಿಸೋ ಆಸೆಯಾ, ರೈಲ್ವೆ ನಡೆಸೋ ಆಸೆಯಾ ಅದನ್ನ ಮೊದಲು ಹೇಳು. ಸ್ಟೀಮ್‌ನಲ್ಲಿ ಆ ಅರ್ಧ ಗಂಟೆ ನಿನ್ನ ಕಣ್ಣು ಕಿವಿ ಮೂಗು ಎಲ್ಲ ಒಂದೇ ಇಂಜಿನ್ ಮೇಲಿರತ್ತೆ, ಸ್ಟೇಷನ್ನು ಸಿಗ್ನಲ್ಲು ಯಾವುದೂ ನೆನಪಿರಲ್ಲ. ಕರೆಂಟಲ್ಲಿ ಸ್ವಿಚ್ ಹಾಕಿದ್ರೆ ಹೊರಟೇಬಿಡತ್ತೆ, ಆಗ ನಿನ್ನ ಗಮನ ಗಾಡಿ ಕ್ರಾಸಿಂಗು, ಶಂಟಿಂಗು, ಟೈಮ್ ಟೇಬಲ್ ಕಡೆ ಹೋಗತ್ತೆ. ಎರಡೂ ಬೇರೆ ಬೇರೆ ಹವ್ಯಾಸ, ಒಂದೇ ಹಳಿ ಹಂಚ್ಕೊಂಡಿವೆ ಅಷ್ಟೇ.

ಇನ್ನೂ ಗೊತ್ತಾಗ್ತಿಲ್ಲ ಅಂದ್ರೆ ನನ್ನ ಸಲಹೆ ಇದು: ಇಂಜಿನ್ ಆಮೇಲೆ ನೋಡೋಣ, ಮೊದಲು ಹಳಿ ಹಾಕು, ಅದನ್ನ ಸ್ಟೀಮ್‌ಗೆ ಆಗೋ ಥರ ಹಾಕು, ಅಂದ್ರೆ ಸಮತಟ್ಟಾಗಿ, ತಿರುವು ಅಗಲವಾಗಿ, ಮತ್ತೆ ಆ ಹಳಿಗೆ ಕರೆಂಟ್ ಕೊಡ್ಲೇ ಬೇಡ. ಯಾಕೆ ಅಂತ ಕೆಳಗೆ ಬರತ್ತೆ.

ಸ್ಟೀಮ್ ಓಡಿಸೋಕೆ ಎಷ್ಟು ಹೊತ್ತು ತಯಾರಿ ಬೇಕು? ಕೆಲಸದಿಂದ ಬಂದು ಒಂದ್ ರೌಂಡ್ ಓಡಿಸಬಹುದಾ?

ಓಡಿಸಬಹುದು, ಆದ್ರೆ ಒಂದು ಗಂಟೆ ಕೈಯಲ್ಲಿರಬೇಕು. ನನ್ನ ಗ್ಯಾಸ್ ಇಂಜಿನ್ನಿನ ಒಂದು ಸಂಜೆ ಹೇಗಿರತ್ತೆ ಅಂತ ಹೇಳ್ತೀನಿ ಕೇಳಿ. ಮೊದಲು ರಾಡು, ಕ್ರ್ಯಾಂಕು, ಆಕ್ಸಲ್‌ಗೆಲ್ಲ ಸೂಜಿ ಬಾಟ್ಲಿಯಿಂದ ಒಂದೊಂದು ಹನಿ ಎಣ್ಣೆ. ಆಮೇಲೆ ಲೂಬ್ರಿಕೇಟರ್‌ನಲ್ಲಿ ಹಿಂದಿನ ಸಲದ ನೀರು ತೆಗೆದು ಸ್ಟೀಮ್ ಎಣ್ಣೆ. ಆಮೇಲೆ ಸಿರಿಂಜಲ್ಲಿ ಬಾಯ್ಲರಿಗೆ ನೀರು, ಪೂರ್ತಿ ತುಂಬಬಾರ್ದು, ಉಗಿಗೆ ಮೇಲೆ ಜಾಗ ಬೇಕು, ಪೂರ್ತಿ ತುಂಬಿ ಸ್ವಲ್ಪ ವಾಪಸ್ ಎಳ್ಕೊಳ್ಳೋದು ಸುಲಭದ ದಾರಿ. ಕೊನೇಲಿ ಗ್ಯಾಸು. ಗ್ಯಾಸ್ ತುಂಬೋವಾಗ ಸುತ್ತಮುತ್ತ ಎಲ್ಲೂ ಬೆಂಕಿ ಇರಬಾರ್ದು, ಪಕ್ಕದಲ್ಲಿ ಇನ್ನೊಬ್ಬರ ಇಂಜಿನ್ ಉರೀತಿದ್ರೂ ದೂರ ಹೋಗಿ ತುಂಬಿ, ಯಾಕಂದ್ರೆ ತುಂಬೋವಾಗ ಒಂದಿಷ್ಟು ಹೊರಗೆ ಚಿಮ್ಮೇ ಚಿಮ್ಮತ್ತೆ.

ಲೈಟರ್ ಚಿಮಣಿ ಬಾಯಿಗೆ ಹಿಡಿದು ಗ್ಯಾಸ್ ನಿಧಾನ ತೆಗೆದ್ರೆ 'ಪುಫ್' ಅಂತ ಬೆಂಕಿ ಒಳಗೆ ಹೋಗಿ ಬರ್ನರಲ್ಲಿ ಕೂತ್ಕೊಳ್ಳತ್ತೆ. ಆ ಸದ್ದು ಸರಿಯಾಗಿ ಬಂತಾ ಅಂತ ಕಿವಿಗೆ ಅಭ್ಯಾಸ ಆಗ್ಬೇಕು. ಐದಾರು ನಿಮಿಷದಿಂದ ಹತ್ತು ನಿಮಿಷ ಒತ್ತಡ ತೋರಿಸೋ ಗೇಜ್ ಮುಳ್ಳು ನೋಡ್ತಾ ನಿಲ್ಲೋದು, ಟೀ ಕುಡಿಯೋಕೆ ಒಳ್ಳೇ ಟೈಮು. ಒತ್ತಡ ಬಂದ ಮೇಲೆ ರೆಗ್ಯುಲೇಟರ್, ಅಂದ್ರೆ ಸಿಲಿಂಡರಿಗೆ ಉಗಿ ಬಿಡೋ ವಾಲ್ವ್, ತೆರೆದ ತಕ್ಷಣ ಓಡಲ್ಲ, ತಣ್ಣಗಿರೋ ಸಿಲಿಂಡರಲ್ಲಿ ಉಗಿ ನೀರಾಗಿ ಪಿಸ್ಟನ್ ಕಟ್ಟಿಹಾಕಿರತ್ತೆ, ಕೈಯಲ್ಲಿ ಹಿಂದೆ ಮುಂದೆ ನಿಧಾನವಾಗಿ ಎರಡ್ಮೂರು ಸಲ ತಳ್ಳಿದ್ರೆ ಚಿಮಣಿಯಿಂದ ಬಿಸಿನೀರು ಎಣ್ಣೆ ಎಲ್ಲ ಉಗುಳಿ, ಒಂದು ನಿಟ್ಟುಸಿರು ಬಿಟ್ಟು, ಹೊರಡತ್ತೆ. ಚಿಮಣಿ ಮೇಲೆ ಮುಖ ಇಟ್ಕೋಬೇಡಿ, ಬಿಳಿ ಶರ್ಟ್ ಅಂತೂ ಹಾಕ್ಕೊಳ್ಲೇಬೇಡಿ.

ಆಮೇಲೆ 20ರಿಂದ 30 ನಿಮಿಷ ಓಟ. ಮುಗಿದ ಮೇಲೆ ತಣ್ಣಗಾಗೋಕೆ ಬಿಟ್ಟು, ಒರೆಸಿ, ಒಳಗಿಡೋದು. ಅಂದ್ರೆ ಓಡೋದು ಅರ್ಧ ಗಂಟೆ, ಸೇವೆ ಅರ್ಧ ಗಂಟೆ. ನನ್ನ ಹೆಂಡತಿ ಇದನ್ನ 'ನಿಮ್ಮ ಸಂಧ್ಯಾವಂದನೆ' ಅಂತಾಳೆ.

ಕರೆಂಟ್ ಇಂಜಿನ್‌ಗೆ ಹಳಿಯಲ್ಲೇ ಕರೆಂಟ್ ಹರಿಯತ್ತಾ? ನಾಯಿ ಬೆಕ್ಕು ಮುಟ್ಟಿದ್ರೆ?

ಮುಟ್ಟಿದ್ರೆ ಏನೂ ಆಗಲ್ಲ, ಹೆಚ್ಚಂದ್ರೆ 24 ವೋಲ್ಟ್ ಆಸುಪಾಸಿನ ಕಡಿಮೆ ವೋಲ್ಟೇಜ್ ಅದು. ಆದ್ರೆ ಮನೆ ಸಪ್ಲೈಯಿಂದ ಆ ವೋಲ್ಟೇಜಿಗೆ ಇಳಿಸೋ ಟ್ರಾನ್ಸ್‌ಫಾರ್ಮರ್ ಮಾತ್ರ ಮಳೆ ಬೀಳದ ಜಾಗದಲ್ಲೇ ಇರ್ಬೇಕು, ಇದರಲ್ಲಿ ರಾಜಿ ಇಲ್ಲ.

ಕರೆಂಟಲ್ಲಿ ಮೂರು ದಾರಿ. ಒಂದು, ಸಾದಾ ಡಿಸಿ, ನಾಬ್ ತಿರುಗಿಸಿದಷ್ಟು ವೋಲ್ಟೇಜು, ಅಷ್ಟು ಸ್ಪೀಡು. ಎರಡು, ಡಿಸಿಸಿ, ಹಳಿಯಲ್ಲಿ ಯಾವಾಗ್ಲೂ ಪೂರ್ತಿ ಕರೆಂಟ್ ಇರತ್ತೆ, ಪ್ರತಿ ಇಂಜಿನ್‌ಗೂ ಒಂದು ನಂಬರ್, ಆ ನಂಬರಿಗೆ ಹೋದ ಆರ್ಡರ್‌ನ ಆ ಇಂಜಿನ್ ಒಳಗಿರೋ ಡಿಕೋಡರ್ ಮಾತ್ರ ಕೇಳತ್ತೆ, ಹಾಗಾಗಿ ಒಂದೇ ಹಳಿಯಲ್ಲಿ ನಾಲ್ಕು ಗಾಡಿ ಬೇರೆ ಬೇರೆ ಸ್ಪೀಡಲ್ಲಿ ಓಡಿಸಬಹುದು, ಸೀಟಿ, ಗಂಟೆ, ಲೈಟ್ ಎಲ್ಲ ಬರತ್ತೆ. ಮೂರನೇದು ಬ್ಯಾಟರಿ. ಇಂಜಿನ್ ಹೊಟ್ಟೆಯಲ್ಲೋ ಹಿಂದಿನ ಡಬ್ಬಿಯಲ್ಲೋ ಲಿಥಿಯಂ ಪ್ಯಾಕು, ಕೈಯಲ್ಲಿ ರಿಮೋಟು, ಹಳಿಯಲ್ಲಿ ಏನೂ ಇಲ್ಲ.

ಮೊದಲೆರಡರ ಕಷ್ಟ ಏನು ಗೊತ್ತಾ, ಹಳಿ ಉಜ್ಜೋದು. ಹಿತ್ತಾಳೆ ಹಳಿ ಬಯಲಲ್ಲಿ ಬಿದ್ದಿರತ್ತೆ, ಮಳೆ, ಎಲೆ, ಧೂಳು, ಇಲ್ಲಿ ಇಂಗ್ಲೆಂಡಲ್ಲಿ ಬಸವನಹುಳು ಬೇರೆ, ರಾತ್ರಿಯೆಲ್ಲ ಹಳಿ ಮೇಲೆ ಲೋಳೆ ಎಳ್ಕೊಂಡು ಹೋಗಿರ್ತವೆ. ಕಪ್ಪಾದ ಹಳಿ ಮೇಲೆ ಇಂಜಿನ್ ಗಕ್ಕಂತ ನಿಲ್ಲತ್ತೆ, ಬೆರಳಲ್ಲಿ ತಟ್ಟಿದ್ರೆ ಹೊರಡತ್ತೆ, ಮತ್ತೆ ನಿಲ್ಲತ್ತೆ. ಹಳಿ ಕೂಡೋ ಜಾಗದ ಜಾಯಿನರ್‌ಗಳು ಸಡಿಲ ಆದ್ರೆ ದೂರದ ತುದೀಲಿ ಕರೆಂಟ್ ಸೊರಗತ್ತೆ, ಪ್ರತಿ ಜಾಯಿಂಟಿಗೂ ಸ್ಕ್ರೂ ಕ್ಲ್ಯಾಂಪ್ ಹಾಕಿದ್ರೆ ಪರವಾಗಿಲ್ಲ, ಖರ್ಚು ಮಾತ್ರ ಏರತ್ತೆ. ನಾನು ಎರಡು ವರ್ಷ ಪ್ರತಿ ಶನಿವಾರ ಮಂಡಿಯೂರಿ ಹಳಿ ಉಜ್ಜಿ ಕೊನೆಗೆ ಬ್ಯಾಟರಿಗೆ ಬಂದೆ, ಮಂಡಿ ಉಳೀತು.

ಒಂದೇ ಹಳಿ ಮೇಲೆ ಎರಡೂ ಓಡಿಸಬಹುದಾ?

ಹಳಿಗೆ ಕರೆಂಟ್ ಕೊಡ್ಬೇಡಿ ಅಂದಿದ್ದು ಇದಕ್ಕೇ. ಸ್ಟೀಮ್ ಇಂಜಿನ್ ಓಡ್ತಾ ಓಡ್ತಾ ಚಿಮಣಿಯಿಂದ ಎಣ್ಣೆ ಹನಿ ಹಳಿ ಮೇಲೆ ಬೀಳಿಸ್ಕೊಂಡೇ ಹೋಗತ್ತೆ. ಅದರ ಹಿಂದೆ ಹಳಿಯಿಂದ ಕರೆಂಟ್ ಎಳ್ಕೊಳ್ಳೋ ಇಂಜಿನ್ ಬಂತು ಅಂದ್ರೆ ಗಾಲಿ ಜಾರತ್ತೆ, ಎಣ್ಣೆಗೆ ಧೂಳು ಸೇರಿ ಕಪ್ಪು ಮೇಣ ಆಗತ್ತೆ, ಕರೆಂಟ್ ದಾಟಲ್ಲ. ಇನ್ನೊಂದು, ಕೆಲವು ಸ್ಟೀಮ್ ಇಂಜಿನ್‌ಗಳ ಎಡ ಬಲ ಗಾಲಿ ಮಧ್ಯೆ ಇನ್ಸುಲೇಷನ್ ಇರಲ್ಲ, ಲೋಹದ ಆಕ್ಸಲ್ ಎರಡೂ ಹಳಿಗೆ ಸೇತುವೆ ಆಗಿಬಿಡತ್ತೆ. ನಾನು ಒಂದ್ಸಲ ಮೇನ್ ಆಫ್ ಮಾಡೋದು ಮರೆತು ಹಾಗೆ ಇಟ್ಟೆ, ಕಂಟ್ರೋಲರ್ ಟಕ್ ಅಂತ ಟ್ರಿಪ್ ಆಯ್ತು, ಪುಣ್ಯಕ್ಕೆ ಟ್ರಿಪ್ ಆಯ್ತು.

ಬ್ಯಾಟರಿ ಇಂಜಿನ್‌ಗೆ ಈ ಯಾವ ತಲೆನೋವೂ ಇಲ್ಲ. ಎಣ್ಣೆ ಹಳಿ ಮೇಲೆ ಸ್ವಲ್ಪ ಜಾರಬಹುದು, ಬಟ್ಟೆಯಲ್ಲಿ ಒಂದು ಸುತ್ತು ಒರೆಸಿದ್ರೆ ಮುಗೀತು. ಸತ್ತ ಹಳಿ, ಅಂದ್ರೆ ಕರೆಂಟಿಲ್ಲದ ಹಳಿ, ಹಾಕಿದ್ರೆ ಬೆಳಗ್ಗೆ ಸ್ಟೀಮು, ಮಧ್ಯಾಹ್ನ ಬ್ಯಾಟರಿ, ಫ್ರೆಂಡ್ ಯಾವ ಇಂಜಿನ್ ತಂದ್ರೂ ಬಾ ಅನ್ನಬಹುದು. ವೈರಿಂಗ್ ದುಡ್ಡು ಉಳಿದದ್ದಕ್ಕೆ ಇನ್ನೂ ನಾಲ್ಕು ಮೀಟರ್ ಹಳಿ ಬರತ್ತೆ. ಈಗ ಹೊಸದಾಗಿ ಶುರು ಮಾಡೋರು ಕರೆಂಟ್ ಹಳಿ ಹಾಕೋಕೆ ನಂಗೆ ಒಂದೇ ಒಂದು ಒಳ್ಳೇ ಕಾರಣ ಕಾಣತ್ತೆ, ಈಗಾಗ್ಲೇ ಮನೇಲಿ ಆ ಥರದ ಇಂಜಿನ್ ಡಜನ್‌ಗಟ್ಲೆ ಇದ್ರೆ.

ಸ್ಟೀಮ್ ಇಂಜಿನ್ ಸ್ಪೀಡ್ ಹೇಗೆ ಕಂಟ್ರೋಲ್ ಮಾಡ್ತೀರಿ? ತಾನಾಗೇ ಓಡಿಹೋಗಲ್ವಾ?

ಓಡಿಹೋಗತ್ತೆ! ರಿಮೋಟ್ ಇಲ್ಲದ ಇಂಜಿನ್‌ಗೆ ಕ್ಯಾಬ್ ಒಳಗಿನ ರೆಗ್ಯುಲೇಟರ್ ಒಂದೇ ಗತಿ, ಅದನ್ನ ಒಂದು ಮಟ್ಟಕ್ಕೆ ಇಟ್ಟು ಬಿಟ್ಟುಬಿಡೋದು. ಏರಿನಲ್ಲಿ ಏದುಸಿರು ಬಿಡತ್ತೆ, ಇಳಿಜಾರಲ್ಲಿ ಹುಚ್ಚು ಕುದುರೆ. ನನ್ನ ಮೊದಲನೇ ಹಳಿಯಲ್ಲಿ ಕಣ್ಣಿಗೆ ಕಾಣದಷ್ಟು ಇಳಿಜಾರಿತ್ತು, ಕರೆಂಟ್ ಇಂಜಿನ್ ಓಡಿಸೋವಾಗ ಎರಡು ವರ್ಷ ಗೊತ್ತೇ ಆಗಿರ್ಲಿಲ್ಲ, ಸ್ಟೀಮ್ ಇಟ್ಟ ಮೊದಲ ದಿನವೇ ಆ ತಿರುವಲ್ಲಿ ಹಾರಿ ಕೊತ್ತಂಬರಿ ಪಾತಿಯೊಳಗೆ ಬಿದ್ದು ಅಲ್ಲೇ ಬುಸುಬುಸು ಅಂತ ಗಾಲಿ ತಿರುಗಿಸ್ತಿತ್ತು. ಹಾಗಾಗಿ ಸ್ಪಿರಿಟ್ ಲೆವೆಲ್ ಹಿಡ್ಕೊಂಡು ಹಳಿ ಹಾಕಿ. ಏರು ಬೇಕೇ ಬೇಕು ಅಂದ್ರೆ 100ಕ್ಕೆ 1, ತೀರಾ ಅಂದ್ರೆ 50ಕ್ಕೆ 1. ತಿರುವಿನ ರೇಡಿಯಸ್ 1.2 ಮೀಟರ್ ಸಿಕ್ಕಿದ್ರೆ ಚೆನ್ನ, ಬಾಕ್ಸ್ ಸೆಟ್ ಜೊತೆ ಬರೋ 60 ಸೆಂಮೀ ರೇಡಿಯಸ್ಸಿನ ಹಳಿ ನಾಲ್ಕು ಗಾಲಿ ಗಿಡ್ಡ ಇಂಜಿನ್‌ಗೆ ಮಾತ್ರ ಲಾಯಕ್ಕು.

ಸ್ಟೀಮ್‌ಗೂ ರಿಮೋಟ್ ಹಾಕಬಹುದು, ಎರಡು ಸರ್ವೋ ಮೋಟರು, ಒಂದು ರೆಗ್ಯುಲೇಟರಿಗೆ, ಒಂದು ಹಿಂದೆ ಮುಂದೆ ಹೋಗೋ ಲಿವರ್‌ಗೆ. ಇದು ಮೋಸ ಅನ್ನೋ ಮಡಿವಂತರಿದ್ದಾರೆ. ನಾನು ಹಾಕ್ಕೊಂಡಿದೀನಿ, ಕೊತ್ತಂಬರಿ ಉಳೀಬೇಕಲ್ಲ.

ಗ್ಯಾಸು, ಸ್ಪಿರಿಟ್ಟು, ಕಲ್ಲಿದ್ದಲು, ಇದರಲ್ಲಿ ಯಾವುದು?

ಮೊದಲನೇ ಇಂಜಿನ್ ಆದ್ರೆ ಗ್ಯಾಸ್, ಕಣ್ಮುಚ್ಚಿ. ಸ್ಪಿರಿಟ್ ನಿಶ್ಯಬ್ದವಾಗಿ ಉರಿಯತ್ತೆ, ಹಾಗಾಗಿ ಉಗಿಯ ಸದ್ದು ಚೆನ್ನಾಗಿ ಕೇಳತ್ತೆ, ಆದ್ರೆ ಬಿಸಿಲಲ್ಲಿ ಅದರ ಬೆಂಕಿ ಕಣ್ಣಿಗೆ ಕಾಣಲ್ಲ, ಚೆಲ್ಲಿದ್ದು ಉರೀತಿದ್ಯೋ ಇಲ್ವೋ ಗೊತ್ತಾಗೋದು ಕೈ ಸುಟ್ಟಾಗಲೇ. ಕಲ್ಲಿದ್ದಲು ಅಂದ್ರೆ ತಪಸ್ಸು. ಸೀಮೆಎಣ್ಣೇಲಿ ನೆನೆಸಿದ ಇದ್ದಿಲಿಂದ ಹತ್ತಿಸ್ಬೇಕು, ಒತ್ತಡ ಬರೋವರೆಗೂ ಚಿಮಣಿ ಮೇಲೆ ಪುಟ್ಟ ಫ್ಯಾನ್ ಕೂರಿಸಿ ಗಾಳಿ ಎಳೀಬೇಕು, ಆಮೇಲೆ ಚಮಚದಷ್ಟು ಕಲ್ಲಿದ್ದಲು ಹಾಕ್ತಾನೇ ಇರ್ಬೇಕು, ಎರಡು ನಿಮಿಷ ಮಾತಿಗೆ ನಿಂತ್ರೆ ಬೆಂಕಿ ಹೋಯ್ತು. ಆದ್ರೆ ಆ ವಾಸನೆ ಇದ್ಯಲ್ಲ, ಚಿಕ್ಕೋನಿದ್ದಾಗ ಪ್ಲಾಟ್‌ಫಾರ್ಮಲ್ಲಿ ಕಣ್ಣಿಗೆ ಕಿಡಿ ಬೀಳತ್ತೆ ಅಂತ ಅಮ್ಮ ಸೆರಗು ಮುಚ್ಚಿದ್ದು ನೆನಪಾಗತ್ತೆ.

ಗ್ಯಾಸಲ್ಲೂ ಹವಾಮಾನದ ಲೆಕ್ಕ ಇದೆ. ಬ್ಯುಟೇನ್ ಕುದಿಯೋದೇ ಸೊನ್ನೆ ಡಿಗ್ರಿ ಹತ್ರ, ಇಲ್ಲಿ ಜನವರಿಯಲ್ಲಿ ಅದು ಟ್ಯಾಂಕಲ್ಲಿ ಸುಮ್ನೆ ಮಲಗಿಬಿಡತ್ತೆ, ಜೊತೆಗೆ ಗ್ಯಾಸ್ ಹೊರಗೆ ಹೋದಷ್ಟೂ ಟ್ಯಾಂಕ್ ತಾನೇ ತಣ್ಣಗಾಗ್ತಾ ಹೋಗತ್ತೆ. ಅದಕ್ಕೇ ಚಳಿಗಾಲದಲ್ಲಿ ಪ್ರೊಪೇನ್ ಬೆರೆಸಿದ ಕ್ಯಾನ್ ತಗೋತೀವಿ. ಬೇಸಿಗೇಲಿ ಉಲ್ಟಾ ಸಮಸ್ಯೆ, ಒಂದು ಓಟ ಮುಗಿಸಿ ಬಿಸಿಯಾಗಿರೋ ಟ್ಯಾಂಕಿಗೆ ಗ್ಯಾಸ್ ಇಳಿಯೋದೇ ಇಲ್ಲ, ಒಳಗಿನ ಒತ್ತಡ ಕ್ಯಾನಿಗಿಂತ ಜಾಸ್ತಿ ಇರತ್ತೆ, ತಣ್ಣಗಾಗೋವರೆಗೂ ಕಾಯ್ಬೇಕು.

ಮನೆ ಅಡುಗೆ ಸಿಲಿಂಡರಿಂದ ತುಂಬಿಸ್ಕೊಂಡ್ರೆ ಆಗಲ್ವಾ?

ಬೇಡ. ದಯವಿಟ್ಟು ಬೇಡ. ಅಡುಗೆ ಗ್ಯಾಸಲ್ಲಿ ಪ್ರೊಪೇನ್ ಎಷ್ಟು ಬೆರೆತಿರತ್ತೆ ಅಂತ ಹೇಳೋಕಾಗಲ್ಲ, ಒತ್ತಡ ಜಾಸ್ತಿ ಇರಬಹುದು, ಈ ಬೆರಳುದ್ದದ ಟ್ಯಾಂಕ್ ಅದಕ್ಕೆ ಮಾಡಿದ್ದಲ್ಲ, ಸಿಲಿಂಡರಿಂದ ಬೇರೆ ಕಡೆ ತುಂಬೋದು ಕಾನೂನಿಗೂ ವಿರುದ್ಧ. ಕ್ಯಾಂಪಿಂಗ್ ಸ್ಟೌಗೆ ಬರೋ ಬ್ಯುಟೇನ್ ಕ್ಯಾನ್ ತಗೊಳ್ಳಿ, ವಾಲ್ವಿಗೆ ಸರಿಯಾದ ಅಡಾಪ್ಟರ್ ಹಾಕಿ.

ಬಾಯ್ಲರ್ ಸಿಡಿಯಲ್ವಾ? ನಮ್ಮಮ್ಮ ಕುಕ್ಕರ್ ಸೀಟಿಗೇ ಹೆದರ್ತಾರೆ.

ಅಮ್ಮನಿಗೆ ಹೇಳಿ, ಕುಕ್ಕರ್‌ಗೆ ಇರೋ ಹಾಗೆ ಇದಕ್ಕೂ ಸೇಫ್ಟಿ ವಾಲ್ವ್ ಇದೆ, ಒತ್ತಡ ಮೀರಿದ್ರೆ ಅಲ್ಲಿಂದ ಬುಸ್ಸಂತ ಬಿಡತ್ತೆ. ಹೊಸ ಬಾಯ್ಲರ್‌ನ ಕೆಲಸದ ಒತ್ತಡದ ಎರಡರಷ್ಟಕ್ಕೆ ತಣ್ಣೀರು ತುಂಬಿ ಪರೀಕ್ಷೆ ಮಾಡಿರ್ತಾರೆ. ನೀರು ತುಂಬಿ ಮಾಡೋದು ಯಾಕಂದ್ರೆ ನೀರು ಅಮುಕಿದ್ರೂ ಕುಗ್ಗಲ್ಲ, ಒಡೆದ್ರೂ ಒಂದು ಹನಿ ಸೋರಿ ಸುಮ್ನಾಗತ್ತೆ, ಅದೇ ಉಗಿ ಆದ್ರೆ ಸಿಕ್ಕಾಪಟ್ಟೆ ಹಿಗ್ಗತ್ತೆ. ಇಲ್ಲಿ ಕ್ಲಬ್ಬಿನ ಕೂಟಕ್ಕೆ ಹೋದ್ರೆ ಬಾಯ್ಲರ್ ಸರ್ಟಿಫಿಕೇಟ್ ತೋರಿಸು ಅಂತಾರೆ.

ಇನ್ನೊಂದು ಜಾಣತನ ಇದೆ. ಒಳ್ಳೇ ಗ್ಯಾಸ್ ಇಂಜಿನ್‌ನಲ್ಲಿ ಗ್ಯಾಸ್ ಟ್ಯಾಂಕ್‌ನ ಬೇಕಂತಲೇ ಚಿಕ್ಕದು ಇಟ್ಟಿರ್ತಾರೆ, ನೀರು ಖಾಲಿಯಾಗೋ ಮುಂಚೆ ಬೆಂಕಿ ಆರಿಹೋಗಲಿ ಅಂತ. ಹಾಗಾಗಿ ಮಧ್ಯದಲ್ಲಿ ಗ್ಯಾಸ್ ಮಾತ್ರ ತುಂಬಿ ನೀರು ನೋಡದೆ ಮತ್ತೆ ಹತ್ತಿಸ್ಬೇಡಿ. ನಿಜವಾಗಿ ಆಗೋ ಅಪಾಯ ಸುಟ್ಟ ಬೆರಳು, ನಂಗೆ ಆಗಿರೋದೆಲ್ಲ ಅದೇ. ಚರ್ಮದ ಗ್ಲೌಸ್ ಹಾಕ್ಕೊಳ್ಳಿ.

ಬೋರ್‌ವೆಲ್ ನೀರು ಹಾಕಬಹುದಾ?

ನಿಮ್ಮ ಗೀಸರ್ ಕಾಯಿಲ್ ತೆಗೆದು ನೋಡಿ, ಅದೇ ಉತ್ತರ. ಡಿಸ್ಟಿಲ್ಡ್ ವಾಟರ್ ಹಾಕಿ. 'ಬ್ಯಾಟರಿ ವಾಟರ್' ಅಂತ ಸಿಗೋದು ಎಷ್ಟೋ ಸಲ ಡೀಅಯಾನೈಸ್ಡ್, ಅದು ಹಿತ್ತಾಳೆ ಭಾಗಗಳನ್ನ ತಿನ್ನತ್ತೆ ಅಂತ ಸ್ಟೀಮ್ ಮಂದಿ ದೂರ ಇಡ್ತಾರೆ. ಸೋಸಿದ ಮಳೆನೀರು ನಡಿಯತ್ತೆ.

ಬೆಂಗಳೂರಲ್ಲಿ, ಮೈಸೂರಲ್ಲಿ ಇದನ್ನ ಮಾಡೋಕಾಗತ್ತಾ?

ಖಂಡಿತ. ಎರಡು ವರ್ಷದ ಹಿಂದೆ ರಜಕ್ಕೆ ಬಂದಾಗ ತಮ್ಮನ ಮನೆ ಟೆರೇಸ್ ಮೇಲೆ ಒಂದು ವಾರ ಓಡಿಸಿದ್ದೆ. ಟೆರೇಸ್ ಸಮತಟ್ಟು ಅನ್ಕೊಂಡಿದ್ದೆ, ಮಳೆನೀರು ಹೋಗ್ಲಿ ಅಂತ ಮೇಸ್ತ್ರಿ ಕೊಟ್ಟ ಇಳಿಜಾರು ಇರತ್ತಲ್ಲ, ಅದು ಇಂಜಿನ್‌ಗೆ ಚೆನ್ನಾಗೇ ಗೊತ್ತಾಯ್ತು, ಹಲಗೆ ಚೂರುಗಳನ್ನ ಕೊಟ್ಟು ಮಟ್ಟ ಮಾಡ್ಬೇಕಾಯ್ತು.

ಒಂದು ನಿರಾಸೆ ಮಾತ್ರ ಮೊದಲೇ ಹೇಳ್ಬಿಡ್ತೀನಿ. ಏಪ್ರಿಲ್ ಮಧ್ಯಾಹ್ನ ಉಗಿ ಕಾಣ್ಸೋದೇ ಇಲ್ಲ. ನಾವು ಬಿಳಿ ಮೋಡ ಅಂತ ನೋಡೋದು ಉಗಿ ತಣ್ಣಗಾಗಿ ಹನಿಯಾಗಿದ್ದು, ಒಣ ಬಿಸಿ ಗಾಳಿಯಲ್ಲಿ ಅದು ಆಗೋ ಮುಂಚೆನೇ ಮಾಯ. ಡಿಸೆಂಬರ್ ಬೆಳಗ್ಗೆ ಆರೂವರೆಗೆ ಓಡಿಸಿ ನೋಡಿ, ಇಂಗ್ಲೆಂಡ್ ಥರನೇ ಬಾಲ ಬಿಟ್ಕೊಂಡು ಹೋಗತ್ತೆ. ಕರೆಂಟ್ ಇಂಜಿನ್ನಿನ ಎಣ್ಣೆ ಹೊಗೆಗೆ ಈ ಹಂಗಿಲ್ಲ.

ಮತ್ತೆ ಬಿಸಿಲಿಗೆ ಹಿತ್ತಾಳೆ ಹಳಿ ಹಿಗ್ಗತ್ತೆ, 10 ಮೀಟರ್ ಉದ್ದಕ್ಕೆ 30 ಡಿಗ್ರಿ ವ್ಯತ್ಯಾಸ ಅಂದ್ರೆ ಹತ್ತಿರತ್ತಿರ 6 ಮಿಮೀ. ಮೊಳೆ ಹೊಡೆದು ಬಿಗಿ ಮಾಡಿದ್ರೆ ಹಾವಿನ ಥರ ಸೊಟ್ಟ ಆಗತ್ತೆ. ಜಲ್ಲಿಪುಡಿ ಮೇಲೆ ಸಡಿಲವಾಗಿ ಬಿಡಿ. ಬ್ಯಾಟರಿ ಇಂಜಿನ್‌ನ ಮಾತ್ರ ಬಿಸಿಲಲ್ಲಿ ನಿಲ್ಲಿಸಿ ಊಟಕ್ಕೆ ಹೋಗ್ಬೇಡಿ, ಲಿಥಿಯಂಗೆ ಆ ಬಿಸಿ ಆಗಲ್ಲ.

ಖರ್ಚು?

ಇಲ್ಲಿ ಒಳ್ಳೇ ಹೆಸರಿನ ಹೊಸ ಗ್ಯಾಸ್ ಸ್ಟೀಮ್ ಇಂಜಿನ್ ಅಂದ್ರೆ ಸಾವಿರ ಪೌಂಡ್ ಆಸುಪಾಸಿಂದ ಮೇಲಕ್ಕೆ. ಡಾಂಕಾಸ್ಟರ್‌ನ ರೌಂಡ್‌ಹೌಸ್, ಅಮೆರಿಕದ ಆಕ್ಯುಕ್ರಾಫ್ಟ್ ಇವೆಲ್ಲ ಜನ ನಂಬೋ ಹೆಸರುಗಳು. ಜಪಾನಿನ ಆಸ್ಟರ್ ಇಂಜಿನ್‌ಗಳು ಬೇರೆ ಲೋಕ, ಕಾರ್ ರೇಟು. ಕರೆಂಟ್ ಇಂಜಿನ್ ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಇದರ ಕಾಲು ಭಾಗಕ್ಕೆ ಸಿಗತ್ತೆ, ಆದ್ರೆ ಕಂಟ್ರೋಲರ್, ಡಿಕೋಡರ್ ಅಥವಾ ಬ್ಯಾಟರಿ ಸೆಟ್ ಸೇರಿಸಿ ಲೆಕ್ಕ ಹಾಕಿ. ಯಾವ ಇಂಜಿನ್ ಆದ್ರೂ ಹಳಿ ಖರ್ಚು ಒಂದೇ, ಮತ್ತೆ ಜೇಬಿಗೆ ಕತ್ರಿ ಹಾಕೋದು ಅದೇ.

ದುಡ್ಡಲ್ಲಿ ಸ್ಟೀಮ್‌ಗೆ ಒಂದು ಪ್ಲಸ್ ಪಾಯಿಂಟ್: 30 ವರ್ಷದ ಹಳೇ ಸ್ಟೀಮ್ ಇಂಜಿನ್‌ಗೆ ವಾಷರ್, ರಿಂಗ್ ಬದಲಾಯಿಸಿದ್ರೆ ಮತ್ತೆ ಓಡತ್ತೆ. 30 ವರ್ಷದ ಹಳೇ ಸರ್ಕ್ಯೂಟ್ ಬೋರ್ಡ್ ಹೋದ್ರೆ ಹೋದಂಗೇ.

ಮಕ್ಕಳಿಗೆ ಯಾವುದು?

ಹತ್ತು ವರ್ಷದ ಒಳಗಿನವರಿಗೆ ಬ್ಯಾಟರಿ, ಚರ್ಚೆಯೇ ಇಲ್ಲ. ನನ್ನ ಮಗಳು ಐದನೇ ವಯಸ್ಸಿಂದ ಬ್ಯಾಟರಿ ಇಂಜಿನ್ ಓಡಿಸ್ತಾಳೆ, ಗೂಡ್ಸ್ ಡಬ್ಬಿಯಲ್ಲಿ ಕಡಲೆಬೀಜ ತುಂಬಿ ಅಡುಗೆಮನೆ ಬಾಗಿಲಿಂದ ನನ್ನ ಕುರ್ಚಿವರೆಗೂ ಕಳಿಸ್ತಾಳೆ, ಅರ್ಧ ದಾರೀಲೇ ಅಳಿಲು ಲೂಟಿ ಮಾಡತ್ತೆ. ಸ್ಟೀಮ್ ಓಡೋವಾಗ ಅವಳ ಕೆಲಸ ಗೇಜ್ ಓದಿ ಕೂಗೋದು.

ನಮ್ಮೂರ ರೈಲಿನ ಮಾಡೆಲ್ ಮಾಡಬಹುದಾ?

ಇದು ನನಗೆ ಇಷ್ಟವಾದ ಪ್ರಶ್ನೆ. ಬೆಂಗಳೂರು ಮೈಸೂರು, ಅರಸೀಕೆರೆ ಎಲ್ಲ ಮೊದಲು ಮೀಟರ್ ಗೇಜ್ ತಾನೆ, 1000 ಮಿಮೀ. ಅದನ್ನ 22.5ರಿಂದ ಭಾಗಿಸಿ, 44.4 ಬರತ್ತೆ. ಅಂದ್ರೆ 45 ಮಿಮೀ ಹಳಿ ಮೇಲೆ 1:22.5 ಅಳತೆಯಲ್ಲಿ ಮಾಡಿದ್ರೆ ನಮ್ಮ ಹಳೇ ಮೀಟರ್ ಗೇಜ್ ಗಾಡಿ ಹೆಚ್ಚುಕಮ್ಮಿ ಸರಿಯಾಗಿ ಕೂತ್ಕೊಳ್ಳತ್ತೆ, ಜರ್ಮನ್ನರು ಆ ಅಳತೆ ಆರಿಸ್ಕೊಂಡಿದ್ದು ತಮ್ಮ ಆಲ್ಪ್ಸ್ ಕಡೆಯ ಮೀಟರ್ ಗೇಜಿಗೆ, ಲಾಭ ನಮಗೂ ಆಯ್ತು. ನಾನು ಪ್ಲೈವುಡ್ಡಲ್ಲಿ ಎರಡು ಬೋಗಿ ಮಾಡಿದೀನಿ, ಕಿಟಕಿಗೆ ಅಡ್ಡ ಕಂಬಿ ಹಾಕೋದ್ರಲ್ಲೇ ಒಂದು ಚಳಿಗಾಲ ಕಳೀತು.

2 ಅಡಿ ಗೇಜಿನ ಡಾರ್ಜಿಲಿಂಗ್ ರೈಲು, 1881ರಲ್ಲಿ ಶುರುವಾಗಿದ್ದು, 32 ಮಿಮೀ ಹಳಿಗೆ ಹೇಳಿ ಮಾಡಿಸಿದ ಹಾಗಿದೆ. ಅದರ ಬಿ ಕ್ಲಾಸ್ ಇಂಜಿನ್‌ನ ಲೈವ್ ಸ್ಟೀಮ್ ಮಾಡೆಲ್ ರೌಂಡ್‌ಹೌಸ್‌ನವರೇ ಮಾಡಿದ್ರು. ಮುಂದೆ ಕೂತು ಗಾಲಿ ಜಾರದ ಹಾಗೆ ಹಳಿಗೆ ಮರಳು ಹಾಕೋ ಇಬ್ಬರು ಗೊಂಬೆ ನೀವೇ ಮಾಡ್ಕೋಬೇಕು. ಅಳತೆ ತಗೊಳ್ಳೋಕೆ ಮೈಸೂರಿನ ರೈಲು ಮ್ಯೂಸಿಯಂಗೆ ಟೇಪ್ ಹಿಡ್ಕೊಂಡು ಹೋಗಿ, ಒಂದು ದಿನ ಸಾಕಾಗಲ್ಲ.

ಫಾರಿನ್ನಿಂದ ಸೂಟ್‌ಕೇಸಲ್ಲಿ ತರಬಹುದಾ?

ಗ್ಯಾಸ್ ಕ್ಯಾನ್ ಬಿಲ್ಕುಲ್ ಇಲ್ಲ, ಕ್ಯಾಬಿನ್ನಿಗೂ ಇಲ್ಲ ಚೆಕ್-ಇನ್‌ಗೂ ಇಲ್ಲ. ಸ್ಟೀಮ್ ಇಂಜಿನ್ನಿನ ಟ್ಯಾಂಕ್ ಖಾಲಿ ಮಾಡಿ, ವಾಲ್ವ್ ತೆಗೆದು ಗಾಳಿಯಾಡಿಸಿ, ವಾಸನೆ ಹೋಗಿರ್ಬೇಕು, ಏರ್‌ಲೈನ್‌ಗೆ ಮೊದಲೇ ಕೇಳಿ ಬರಹದಲ್ಲಿ ಇಟ್ಕೊಳ್ಳಿ. ಬಿಡಿ ಲಿಥಿಯಂ ಬ್ಯಾಟರಿ ಕ್ಯಾಬಿನ್ ಬ್ಯಾಗಲ್ಲೇ ಇರ್ಬೇಕು, 100 ವಾಟ್ ಅವರ್ ಒಳಗೆ, ಈ ಇಂಜಿನ್‌ಗಳ 14.8 ವೋಲ್ಟ್ ಪ್ಯಾಕು 2.6 ಆಂಪ್ ಅವರ್ ಆದ್ರೆ 38 ಚಿಲ್ರೆ, ತೊಂದ್ರೆ ಇಲ್ಲ. ಎಕ್ಸ್‌ರೇಲಿ ಬಾಯ್ಲರು ಪೈಪು ಗೇಜು ನೋಡಿ ಸೆಕ್ಯುರಿಟಿಯವರ ಮುಖ ಹೇಗಾಗತ್ತೆ ಅಂತ ಹೇಳ್ಬೇಕಾಗಿಲ್ಲ, ಫೋನಲ್ಲಿ ಇಂಜಿನ್ ಓಡೋ ವಿಡಿಯೋ ರೆಡಿ ಇಟ್ಕೊಂಡಿರಿ. ನನ್ನನ್ನ ನಿಲ್ಲಿಸಿದವರು ಕೊನೆಗೆ ಇನ್ನಿಬ್ಬರನ್ನ ಕರೆದು ಅದೇ ವಿಡಿಯೋ ತೋರಿಸಿದ್ರು.

ಸೆಕೆಂಡ್ ಹ್ಯಾಂಡ್ ಸ್ಟೀಮ್ ತಗೊಳ್ಳೋವಾಗ ಏನು ನೋಡ್ಬೇಕು?

ಮಾರೋನ ಎದುರೇ ಹತ್ತಿಸಿ ಓಡಿಸಿ ತೋರಿಸು ಅನ್ನಿ. ಇವತ್ತು ಗ್ಯಾಸ್ ಇಲ್ಲ ಅಂದ್ರೆ ಇನ್ನೊಂದಿನ ಬರ್ತೀನಿ ಅನ್ನಿ. ನಾನು ಹಾಗೆ ಅನ್ನದೆ ಒಂದು ತಗೊಂಡೆ, ಮನೆಗೆ ತಂದು ನೋಡಿದ್ರೆ ರೆಗ್ಯುಲೇಟರ್ ಮುಚ್ಚಿದ್ರೂ ತೆವಳ್ಕೊಂಡು ಹೋಗ್ತಿತ್ತು, ಒಳಗೆ ವಾಲ್ವ್ ಕೂರೋ ಸೀಟ್ ಸವೆದಿತ್ತು. ಪೇಂಟ್ ಸುಟ್ಟು ಗುಳ್ಳೆ ಎದ್ದಿದ್ರೆ ನೀರಿಲ್ಲದೆ ಓಡಿಸಿದಾರೆ ಅಂತ ಅನುಮಾನ ಪಡಿ. ಗಾಲಿನ ಕೈಯಲ್ಲಿ ತಿರುಗಿಸಿ, ರಾಡ್ ಗಡಗಡ ಅಲ್ಲಾಡ್ಬಾರ್ದು. ಗಾಲಿ ಅಗಲ ನಿಮ್ಮ ಹಳಿದೇನಾ ನೋಡಿ, ಕೆಲವಲ್ಲಿ ಆಕ್ಸಲ್ ಮೇಲೆ ಸ್ಕ್ರೂ ಸಡಿಲಿಸಿ 32ರಿಂದ 45ಕ್ಕೆ ಸರಿಸಬಹುದು.

ಪಕ್ಕದ ಮನೆಯವರು ಬೈಯಲ್ವಾ ಸದ್ದಿಗೆ?

ಸ್ಟೀಮ್ ಇಂಜಿನ್ ಜನ ಅಂದ್ಕೊಂಡಷ್ಟು ಸದ್ದು ಮಾಡಲ್ಲ. ಬರ್ನರ್ ಸಣ್ಣಗೆ ಸುಯ್ ಅನ್ನತ್ತೆ, ಗಾಲಿ ಒಂದು ಸುತ್ತಿಗೆ ನಾಲ್ಕು ಸಲ ಚುಫ್ ಅನ್ನೋದು ಹತ್ರ ಹೋದ್ರೆ ಕೇಳತ್ತೆ, ಇನ್ನೂ ಜೋರು ಬೇಕು ಅನ್ನೋರು ಚಿಮಣಿ ಒಳಗೆ ಬೇರೆ ಕೊಳವೆ ಹಾಕ್ಕೋತಾರೆ. ಬೀದಿಗೆಲ್ಲ ಕೇಳೋ ಹಾಗೆ ಸೀಟಿ ಹೊಡೆಯೋದು ಸೌಂಡ್ ಕಾರ್ಡ್ ಇರೋ ಬ್ಯಾಟರಿ ಇಂಜಿನ್ನು, ಅದಕ್ಕೆ ವಾಲ್ಯೂಮ್ ಕಮ್ಮಿ ಮಾಡು ಅಂತ ಪಕ್ಕದ ಮನೆ ಅಜ್ಜಿ ಒಂದ್ಸಲ ಹೇಳಿದ್ರು. ಅದೇ ಅಜ್ಜಿ ಸ್ಟೀಮ್ ಹತ್ತಿಸಿದ ದಿನ ಬೇಲಿ ಹತ್ರ ಕುರ್ಚಿ ಎಳ್ಕೊಂಡು ಬಂದು ಕೂತ್ಕೋತಾರೆ, ಗ್ಯಾಸ್ ಮುಗಿದು ಇಂಜಿನ್ ನಿಂತ ಮೇಲೆ "ಇನ್ನೊಂದು ಸಲ ತುಂಬ್ತೀಯಾ?" ಅಂತಾರೆ, ಟ್ಯಾಂಕ್ ಬಿಸಿ ಇದೆ, ಹದಿನೈದು ನಿಮಿಷ ಕಾಯಿರಿ ಅಂತೀನಿ ನಾನು.